ನಲವತ್ತನಾಲ್ಕು ತಿರುವುಗಳ ಲೆಕ್ಕ

2004, ಜೂನ್ 14, ಸೋಮವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ. ಹೈದರಾಬಾದಿನ ಮಾದಾಪುರದಲ್ಲಿ ನಮ್ಮ ಕಚೇರಿಯ ಮೂರನೆಯ ಮಹಡಿಗೆ ಕೊರಿಯರ್‌ನವನು ಒಂದು ರಟ್ಟಿನ ಡಬ್ಬಿ ತಂದುಕೊಟ್ಟ. ಒಳಗೆ ಏಳು ಸಿ.ಡಿ.ಗಳಿದ್ದವು. ಆರರಲ್ಲಿ ಐರ್ಲೆಂಡಿನ ಪಶ್ಚಿಮ ಕರಾವಳಿಯ ಹಳ್ಳಿಗಾಡಿನ ಹದಿನೆಂಟು ಹಳೆಯ ನಕಾಶೆ ಹಾಳೆಗಳ ಸ್ಕ್ಯಾನ್ ಪ್ರತಿಗಳು. ಏಳನೆಯದರಲ್ಲಿ ಕೈಯಲ್ಲಿ ಬರೆದ 212 ಕಾರ್ಡುಗಳ ಚಿತ್ರಗಳು.

ಒಂದೊಂದು ಕಾರ್ಡಿನಲ್ಲಿ ಒಂದೊಂದು ಜಾಗದ ಹೆಸರು, ಅದರ ಅರ್ಥ, ಆ ಹೆಸರಿನ ಹಿಂದೆ ಜನ ಹೇಳುವ ಕಥೆ. ಆ ಭಾಗದ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ವಯಸ್ಸಾದವರ ಮನೆಮನೆಗೆ ಹೋಗಿ ಬರೆದುಕೊಂಡವು. ನಕಾಶೆಯನ್ನು ಕಂಪ್ಯೂಟರಿಗೆ ಇಳಿಸಬೇಕು, ಹೆಸರಿನ ಮೇಲೆ ಒತ್ತಿದರೆ ಕಥೆ ತೆರೆದುಕೊಳ್ಳಬೇಕು. ಇಷ್ಟೇ ಕೆಲಸ.

ಏಳನೆಯ ಸಿ.ಡಿ. ಅಂದೇ ಮಧ್ಯಾಹ್ನ ಅಬಿಡ್ಸ್‌ನಲ್ಲಿದ್ದ ನಮ್ಮ ಟೈಪಿಂಗ್ ಘಟಕಕ್ಕೆ ಹೋಯಿತು. ಉಳಿದ ಆರು ನಮ್ಮಲ್ಲಿ ಉಳಿದವು. ದಾರಿ ಇಲ್ಲಿ, ಕಥೆ ಅಲ್ಲಿ. ಎಲ್ಲ ಮುಗಿದ ಮೇಲೆ ಎರಡನ್ನೂ ಜೋಡಿಸುವುದು ಎಂದು ಯೋಜನೆ ಹಾಕಿದ್ದೆವು. ಮುಂದಿನ ತಪ್ಪುಗಳಿಗೆಲ್ಲ ಇದೇ ಮೂಲ ಎಂದು ನನಗೆ ಗೊತ್ತಾಗಲು ಇಪ್ಪತ್ತಾರು ದಿನ ಬೇಕಾಯಿತು.

ನಾನು ತಪಾಸಣೆಯವಳು. ಹದಿನಾಲ್ಕು ಜನ ಪರದೆಯ ಮೇಲೆ ಹಳೆಯ ನಕಾಶೆಯ ಗೆರೆಗಳ ಮೇಲೆಯೇ ಮೌಸ್ ಓಡಿಸಿ ರಸ್ತೆ, ಹೊಲದ ಗೋಡೆ, ತೊರೆ, ಬಾವಿ ಬರೆಯುತ್ತಿದ್ದರು. ನಾನು ಅವರ ಹಿಂದಿನಿಂದ ಹೋಗಿ ತಪ್ಪು ಎಣಿಸಿ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಗೀಟು ಹಾಕುತ್ತಿದ್ದೆ. ನಾಲ್ಕು ನಿಂತ ಗೀಟು, ಐದನೆಯದು ಅಡ್ಡ. ತಪ್ಪು ಯಾವುದು ಎಂದು ಹೇಳಲು ಹದಿನಾರು ನಿಯಮಗಳಿದ್ದವು. ಹಿಂದಿನ ವರ್ಷ ಅಮೆರಿಕದ ಒಂದು ಪಟ್ಟಣದ ಗ್ಯಾಸ್ ಕೊಳವೆಗಳ ನಕಾಶೆ ಮಾಡಿದಾಗ ಬಳಸಿದ ನಿಯಮಗಳು ಅವು. ಅವನ್ನೇ ಈ ಕೆಲಸಕ್ಕೂ ಇಟ್ಟುಕೊಂಡು, ದೊಡ್ಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿದವಳು ನಾನೇ. ಅದರಲ್ಲಿ ಒಂಬತ್ತನೆಯದು ಹೀಗಿತ್ತು: ಎದುರಿಗೆ ಕಟ್ಟಡ, ನೀರು, ಗುಡ್ಡ ಯಾವುದೂ ಇಲ್ಲದೆ ರಸ್ತೆ ಹದಿನೈದು ಮೀಟರಿಗಿಂತ ಕಡಿಮೆ ಪಕ್ಕಕ್ಕೆ ಸರಿದಿದ್ದರೆ ಅದು ಹಳೆಯ ನಕಾಶೆಗಾರನ ಕೈ ನಡುಕ, ನೇರ ಮಾಡುವುದು.

ಆ ನಕಾಶೆಗಳು ಒಂದು ಮೈಲಿಗೆ ಆರು ಇಂಚಿನ ಅಳತೆಯವು. ಹದಿನೈದು ಮೀಟರ್ ಎಂದರೆ ಕಾಗದದ ಮೇಲೆ ಒಂದೂವರೆ ಮಿಲಿಮೀಟರೂ ಇಲ್ಲ. ನಡುಕ ಎಂದರೆ ಯಾರೂ ನಂಬುವಷ್ಟು ಸಣ್ಣದು.

ಆರು ಹಾಳೆಗಳ ಮೊದಲ ಕಂತು ಜೂನ್ 25ಕ್ಕೆ ಹೋಯಿತು. ಎರಡನೆಯದು ಜುಲೈ 5ಕ್ಕೆ. ಎರಡರಲ್ಲೂ ತಪ್ಪುಗಳು ಮಿತಿಯೊಳಗಿದ್ದವು. ನಮ್ಮ ತಂಡದ ಮುಖ್ಯಸ್ಥರಿಗೆ ಸಂತೋಷವೋ ಸಂತೋಷ. ಅವರು ಅಪ್ಪಟ ಹೈದರಾಬಾದಿನವರು. ಎಲ್ಲರೊಂದಿಗೂ ಊರಿನ ಹಿಂದಿಯಲ್ಲೇ ಮಾತು. ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ, ಬೇಡ ಎನ್ನುವ ಅವರ 'ನಕ್ಕೋ', ಯಾಕೆ ಎನ್ನುವ 'ಕೈಕು' ಮಾತ್ರ ಹಾಗೇ ಬಿಡುತ್ತೇನೆ. ದಿನಕ್ಕೊಮ್ಮೆ ಅವರು ಕರಾರಿನ ಒಂದು ಮಾತು ನೆನಪಿಸುತ್ತಿದ್ದರು: ಎರಡು ಕಂತು ವಾಪಸ್ ಬಂದರೆ ಕೆಲಸ ಬೇರೆ ಕಂಪನಿಗೆ.

ಮೂರನೆಯ ಕಂತಿಗೆ, ಒಬ್ಬರು ಬಿಟ್ಟುಹೋದ ಜಾಗಕ್ಕೆ, ನಮ್ಮ ಕಂಪನಿಯ ಬೇರೆ ತಂಡದಿಂದ ಹೊಸಬರೊಬ್ಬರು ಗೆರೆ ಬರೆಯಲು ಬಂದರು. ರಾಯಚೂರು ಜಿಲ್ಲೆಯವರು, ಮೂವತ್ತೊಂದು ವರ್ಷ, ನನಗಿಂತ ಏಳು ವರ್ಷ ದೊಡ್ಡವರು. ನಾನು ಅಕ್ಕಾರ ಎನ್ನುತ್ತಿದ್ದೆ. ಅವರು ನನಗೆ ಮೇಡಂ ಎನ್ನುತ್ತಿದ್ದರು, ಎಷ್ಟು ಬೇಡವೆಂದರೂ. ಅವರ ತಂದೆ ಇದೇ ಮಾದಾಪುರದ ಕಟ್ಟಡಗಳಿಗೆ ಗೋಡೆ ಕಟ್ಟಿದ ಗೌಂಡಿ. ಅಕ್ಕ ಹಗಲು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡಿ, ಸಂಜೆ ನಕಾಶೆ ಬರೆಯುವ ಕೋರ್ಸ್ ಮುಗಿಸಿ ನಮ್ಮ ಕಂಪನಿಗೆ ಬಂದಿದ್ದರು. ಆರು ತಿಂಗಳ ತಾತ್ಕಾಲಿಕ ನೇಮಕ ಜುಲೈ 30ಕ್ಕೆ ಮುಗಿಯುತ್ತಿತ್ತು. ಕೊನೆಯ ಕಂತಿನಲ್ಲಿ ಅವರ ಹೆಸರಿನ ಮುಂದೆ ಹತ್ತಕ್ಕಿಂತ ಹೆಚ್ಚು ತಪ್ಪು ಬಿದ್ದರೆ ಕಾಯಂ ಇಲ್ಲ.

ಕಾಯಂ ಆಗುವುದು ಅವರಿಗೆ ಯಾಕೆ ಬೇಕಿತ್ತು ಎಂದು ಮೊದಲ ದಿನವೇ ಊಟದ ಹೊತ್ತಿಗೆ ಹೇಳಿದ್ದರು. "ಮಗಳು ನಮ್ಮವ್ವನ ಕಡೆ ಊರಾಗ ಅದಾಳ್ರಿ. ಏಳು ವರ್ಷ. ನೌಕರಿ ಗಟ್ಟಿ ಆದ್ರ ಇಲ್ಲಿ ಸಾಲಿಗೆ ಹಚ್ಚಬೇಕು. ತಿಂಗಳ ಕಡೀ ಮಟಾ ಜಾಗಾ ಹಿಡಿತೀವಿ ಅಂದಾರ ಸಾಲಿಯವ್ರು. ಆಮ್ಯಾಲೆ ಇಲ್ಲ ಅಂದಾರ."

ಜುಲೈ 7ರಂದು ನಾನು ಅವರ ಹಾಳೆ ತೆಗೆದೆ. ಹನ್ನೊಂದು ತಪ್ಪು. 8ರಂದು ಇನ್ನೂ ಹತ್ತೊಂಬತ್ತು. 9ರಂದು ಹದಿನಾಲ್ಕು. ಒಟ್ಟು ನಲವತ್ತನಾಲ್ಕು. ಎಲ್ಲವೂ ಒಂಬತ್ತನೆಯ ನಿಯಮದವು. ಉಳಿದ ಹದಿಮೂರು ಜನರಲ್ಲಿ ಯಾರದೂ ಮೂರು ದಾಟಿರಲಿಲ್ಲ. ಗೋಡೆ, ಬಾವಿ, ತೊರೆ ಎಲ್ಲದರಲ್ಲೂ ಅಕ್ಕನ ಕೆಲಸವೇ ತಂಡದಲ್ಲಿ ಅಚ್ಚುಕಟ್ಟು. ರಸ್ತೆಗಳನ್ನು ಮಾತ್ರ ಇದ್ದ ಹಾಗೇ ಸೊಟ್ಟ ಬಿಟ್ಟಿದ್ದರು.

ನೋಟ್‌ಬುಕ್ ಹಿಡಿದುಕೊಂಡು ಅವರ ಮೇಜಿಗೆ ಹೋದೆ.

"ಅಕ್ಕಾರ, ಒಂಬತ್ತನೇ ನಿಯಮ ಓದೀರಿಲ್ಲೋ?"

"ಓದೀನ್ರಿ ಮೇಡಂ. ಗ್ವಾಡಿ ಮ್ಯಾಲೆ ಹಚ್ಚೀರಲ್ಲ. ಅಕ್ಷರ ಭಾಳ ಚೆಂದ ಅದಾವ ನಿಮ್ಮವು."

"ಮತ್ತ ದಾರಿ ಯಾಕ ಸೊಟ್ಟ ಬಿಟ್ಟೀರಿ?"

"ದಾರಿ ಸುಮ್ಮಸುಮ್ಮನ ಸೊಟ್ಟ ಹೋಗೂದಿಲ್ರಿ. ಅಲ್ಲೆ ಏನೋ ಐತಿ."

"ನಕಾಶಿ ಒಳಗ ಏನೂ ಇಲ್ಲಲ್ರಿ ಅಲ್ಲೆ."

"ನಕಾಶಿ ಬರದಾಂವಗ ಕಂಡಿಲ್ಲ, ಅಷ್ಟ. ದಾರಿ ಮಾಡಿದವ್ರಿಗೆ ಕಂಡೈತಿ. ನಮ್ಮೂರಿಂದ ಹೊಲಕ್ಕ ಹೋಗೂ ದಾರ್ಯಾಗ ಒಂದು ಬನ್ನಿ ಗಿಡ ಐತಿ, ಬುಡಕ್ಕ ಒಂದು ಕಲ್ಲು. ಬಂಡಿ, ಟ್ರ್ಯಾಕ್ಟರ್, ಎಲ್ಲಾ ಸುತ್ತಿ ಹೋಗ್ತಾವ. ನೀವ ಯಾವ್ದರ ಸರಕಾರಿ ನಕಾಶಿ ತಗದು ನೋಡ್ರಿ, ಆ ಗಿಡ ಇರಂಗಿಲ್ಲ."

"ಅದು ನಮ್ಮ ಕಡೀದಾತು. ಇದು ಐರ್ಲೆಂಡ್."

"ಅಲ್ಲೆ ಮಂದಿ ಇಲ್ಲೇನ್ರಿ?" ಎಂದವರು ಕುರ್ಚಿ ತಿರುಗಿಸಿ ಪೂರ್ತಿ ನನ್ನ ಕಡೆ ಕೂತರು. "ನೀವ ದಿನಾ ಕೂಕಟ್‌ಪಲ್ಲಿಯಿಂದ ಗಾಡಿ ಮ್ಯಾಲೆ ಬರ್ತೀರಿ. ನಡುವ ರಸ್ತೇದಾಗ ಹಸರು ಚಾದರದ ಗೋರಿ ಐತಿಲ್ಲೋ? ಅದನ್ನ ಸುತ್ತಿ ಬರ್ತೀರೋ, ಇಲ್ಲಾ ನಿಯಮ ಒಂಬತ್ತು ಅಂತ ಅದರ ಮ್ಯಾಲಿಂದ ಬರ್ತೀರೋ?"

ಪಕ್ಕದ ಮೇಜಿನ ಇಬ್ಬರು ಕನ್ನಡ ಬಾರದವರೂ ನಕ್ಕರು. ನಾನು ನೋಟ್‌ಬುಕ್ ತೆರೆದು ತೋರಿಸಿದೆ. ಅಷ್ಟು ಗೀಟು ಕಂಡು ಅಕ್ಕನ ನಗು ನಿಂತಿತು.

"ನಲವತ್ನಾಕಾ? ಹತ್ತು ದಾಟಿದ್ರ ನನ್ನ ಕತಿ ಮುಗೀತಲ್ರಿ," ಎಂದರು. ಪರದೆಯ ಕಡೆ ತಿರುಗಿ ಮೌಸ್ ಹಿಡಿದರು. "ನೆಟ್ಟಗ ಮಾಡಂದ್ರ ಮಾಡ್ತೀನ್ರಿ. ಒಂದು ತಾಸಿನ ಕೆಲಸ. ಆದ್ರ ಸುಳ್ಳು ಬರದಂಗ ಆಕ್ಕೈತಿ. ಒಮ್ಮೆ ವಿಚಾರ ಮಾಡಿ ಹೇಳ್ರಿ. ನೀವ ಹೇಳಿದಂಗ ಮಾಡ್ತೀನಿ."

ಅಂದು ಸಂಜೆ ಮೊಪೆಡ್ಡಿನಲ್ಲಿ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಎಣಿಸಿದೆ. ಮಾದಾಪುರದಿಂದ ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನವರೆಗೆ ರಸ್ತೆ ನಕಾಶೆಯಲ್ಲಿ ಕಾಣುವ ಕಾರಣವಿಲ್ಲದೆ ಪಕ್ಕಕ್ಕೆ ಸರಿಯುವ ಜಾಗಗಳು ಐದು. ಹಸಿರು ಚಾದರದ ಗೋರಿ, ಬಳೆ ಕಟ್ಟಿದ ಬೇವಿನ ಮರ, ಅರಿಶಿನ ಬಳಿದ ಕಲ್ಲು, ಹಾಳುಬಿದ್ದ ಮೆಟ್ಟಿಲುಬಾವಿ. ಐದನೆಯದರಲ್ಲಿ ಏನೂ ಕಾಣಲಿಲ್ಲ, ಆದರೂ ಎಲ್ಲ ಗಾಡಿಗಳೂ ಸರಿದೇ ಹೋದವು; ನಾನೂ ಸರಿದೇ ಹೋದೆ. ಮನೆಗೆ ಹೋಗಿ ಡೈರಿಯಲ್ಲಿ ಬರೆದೆ: "ನಿಯಮ 9ರ ಪ್ರಕಾರ ನಾನು ಇಂದು ಐದು ತಪ್ಪು ಮಾಡಿದ್ದೇನೆ."

ಮರುದಿನ, ಜುಲೈ 10, ಶನಿವಾರ, ರಜೆ. ಬಸ್ಸು ಹಿಡಿದು ಅಬಿಡ್ಸ್‌ಗೆ ಹೋದೆ. ಅಂಚೆ ಕಚೇರಿಯ ಹಿಂದಿನ ಓಣಿಯಲ್ಲಿ, ಹಳೆಯ ಪುಸ್ತಕದ ಅಂಗಡಿಯೊಂದರ ಮೇಲಿತ್ತು ಟೈಪಿಂಗ್ ಘಟಕ. ಕಾರ್ಡುಗಳನ್ನು ಟೈಪ್ ಮಾಡುತ್ತಿದ್ದವರು ಗುಲ್ಬರ್ಗಾ ಕಡೆಯ ಒಬ್ಬ ಹಿರಿಯರು. ನೌಕರಿಯಿಂದ ನಿವೃತ್ತರಾಗಿ ಇಲ್ಲಿ ಕೂತಿದ್ದರು. ನಾನು ಕನ್ನಡದಲ್ಲಿ ಕೇಳಿದ್ದೇ ತಡ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬಾ ಅವ್ವಾ, ಕೂಡು. ಒಂದು ತಿಂಗಳಾತು, ಇಂಥಾ ಕಥಿ ಓದ್ಲಿಕತ್ತೀನಿ. ಯಾರಿಗರ ಹೇಳಬೇಕಂದ್ರ ಇಲ್ಲಿ ಒಬ್ರೂ ಖಾಲಿ ಇಲ್ಲ. ಮನ್ಯಾಗ ಹೇಳಿದ್ರ ನಮ್ಮಾಕಿ, ಐರ್ಲೆಂಡ್ ಸುದ್ದಿ ಬಿಡ್ರಿ, ಮೊದಲು ತರಕಾರಿ ತರ್ರಿ ಅಂತಾಳ."

212ರಲ್ಲಿ 190 ಕಾರ್ಡು ಮುಗಿಸಿದ್ದರು. ಹೆಸರುಗಳೆಲ್ಲ ಅವರಿಗೆ ಬಾಯಿಪಾಠ. ಬಾಲೀ ಎಂದು ಶುರುವಾದರೆ ಊರು, ನಮ್ಮ ಹಳ್ಳಿ, ತೆಲುಗಿನ ಪಲ್ಲಿ ಇದ್ದ ಹಾಗೆ. ನಾಕ್ ಎಂದರೆ ಗುಡ್ಡ. ಟೊಬರ್ ಎಂದರೆ ಬಾವಿ. ಲಿಸ್ ಎಂದರೆ ಹಳೆಯ ಕಾಲದ ದುಂಡನೆಯ ಮಣ್ಣಿನ ದಿಣ್ಣೆ. ಅದರೊಳಗೆ ನೆಲದಡಿಯ ಮಂದಿ ವಾಸ ಮಾಡುತ್ತಾರೆ ಎಂದು ನಂಬಿಕೆ. ಅಂದೇ ಕೂತು ಎಣಿಸಿದೆ: ಬಾಲೀ 41, ನಾಕ್ 19, ಲಿಸ್ 12, ಟೊಬರ್ 7.

"ಆ ನೆಲದಡಿ ಮಂದೀ ಹೆಸರು ಅಲ್ಲಿಯವ್ರು ಬಾಯಿ ಬಿಟ್ಟು ಹೇಳಂಗಿಲ್ಲ," ಎಂದರು ಹಿರಿಯರು. "ಒಳ್ಳೆ ಮಂದಿ, ಒಳ್ಳೆ ಮಂದಿ ಅಂತಾರ. ನಾವು ಕತ್ತಲಾದ ಮ್ಯಾಲೆ ಹಾವಿಗೆ ಹುಳ ಅಂತೀವಲ್ಲ, ಹಂಗ. ಕಮಾಲ್ ಅದ!"

ನಾನು ಅಕ್ಕನ ನಲವತ್ತನಾಲ್ಕು ತಿರುವುಗಳ ಪಟ್ಟಿ ತೆಗೆದೆ: ಹಾಳೆಯ ಸಂಖ್ಯೆ, ಎಡದಿಂದ ಎಷ್ಟು, ಕೆಳಗಿನಿಂದ ಎಷ್ಟು. ಪ್ರತಿ ಕಾರ್ಡಿನ ಹಿಂದೆ ಆ ಶಿಕ್ಷಕಿ ಪೆನ್ಸಿಲಿನಲ್ಲಿ ಹಾಳೆಯ ಸಂಖ್ಯೆ ಬರೆದು, ಪುಟ್ಟ ಚೌಕ ಎಳೆದು, ಜಾಗ ಎಲ್ಲಿ ಎಂದು ಕತ್ತರಿ ಗುರುತು ಹಾಕಿದ್ದರು. ಇದನ್ನು ಟೈಪ್ ಮಾಡಿ ಎಂದು ನಾವು ಹೇಳಿರಲಿಲ್ಲ. ಆದ್ದರಿಂದ ಆ ಗುರುತು ನಮ್ಮವರೆಗೆ ಬರುತ್ತಲೇ ಇರಲಿಲ್ಲ. ಬೆಳಿಗ್ಗೆ 11:15ರಿಂದ ಸಂಜೆ 4:20ರವರೆಗೆ ಒಂದೊಂದನ್ನೇ ಜೋಡಿಸಿದೆವು. ನಾನು ಅಂಕಿ ಓದುವುದು, ಅವರು ಕಾರ್ಡು ಹುಡುಕುವುದು. ಸಿಕ್ಕಿದ ಕೂಡಲೇ ಕಥೆ ಪೂರ್ತಿ ಹೇಳದೆ ಮುಂದಿನದಕ್ಕೆ ಬಿಡುತ್ತಿರಲಿಲ್ಲ. ಮೂರು ಸಲ ಇರಾನಿ ಚಹಾ ಬಂತು.

ಸ್ಕೀಹೀನ್ ಎಂಬ ಜಾಗ. ಅರ್ಥ, ಪುಟ್ಟ ಮುಳ್ಳಿನ ಗಿಡ. ರಸ್ತೆ ಮಾಡುವಾಗ ಜಮೀನಿನ ಒಡೆಯ ಒಂಟಿ ಮುಳ್ಳುಗಿಡ ಕಡಿಯಲು ಹೇಳಿದ. ಅದು ಒಳ್ಳೆಯ ಮಂದಿಯ ಗಿಡ ಎಂದು ಮೂರು ತಂಡ ಕೂಲಿಗಳು ಸಲಿಕೆ ಕೆಳಗಿಟ್ಟು ಹೋದರು. ನಾಲ್ಕನೆಯ ತಂಡ ಬಂದು ಗಿಡ ಬಿಟ್ಟು ಪಕ್ಕದಲ್ಲಿ ರಸ್ತೆ ಮಾಡಿತು. ಟೊಬರ್‌ನಾಸೂಲ್, ಕಣ್ಣುಗಳ ಬಾವಿ. ಆ ನೀರಿನಲ್ಲಿ ಮುಖ ತೊಳೆದು ಪಕ್ಕದ ಗಿಡಕ್ಕೆ ಬಟ್ಟೆ ಚೂರು ಕಟ್ಟಿದರೆ ಕಣ್ಣು ನೋವು ಹೋಗುತ್ತದೆ. ಬಾವಿಗೆ ಬೆನ್ನು ತೋರಿಸಬಾರದೆಂದು ದಾರಿ ಅದನ್ನು ಬಳಸಿ ಹೋಗುತ್ತದೆ. ಒಂದು ಕಡೆ ಹಸಿವಿನ ಹುಲ್ಲು. ಬರಗಾಲದಲ್ಲಿ ಯಾರೋ ಬಿದ್ದು ಸತ್ತ ನೆಲ. ಅಲ್ಲಿ ಕಾಲಿಟ್ಟವರಿಗೆ ತಡೆಯಲಾರದ ಹಸಿವು, ಆದ್ದರಿಂದ ಆ ಕಡೆ ಹೋಗುವವರು ಜೇಬಿನಲ್ಲಿ ರೊಟ್ಟಿಯ ತುಣುಕು ಇಟ್ಟುಕೊಳ್ಳುತ್ತಾರೆ. ಇನ್ನೊಂದು ಹೊಲದಲ್ಲಿ ಒಂದು ಹೆಂಟೆ ತುಳಿದರೆ, ಅಲ್ಲೇ ಹುಟ್ಟಿ ಬೆಳೆದವನಿಗೂ ಹೊಲದ ಬಾಗಿಲು ಎಲ್ಲಿ ಎಂದು ತಿಳಿಯುವುದಿಲ್ಲ. ಅಂಗಿಯನ್ನು ಒಳಮಗ್ಗಲು ತಿರುವಿ ಹಾಕಿಕೊಂಡರೆ ಮಾತ್ರ ದಾರಿ ಕಾಣುತ್ತದೆ.

ನಲವತ್ತನಾಲ್ಕರಲ್ಲಿ ಮೂವತ್ತಮೂರಕ್ಕೆ ಕಾರ್ಡು ಸಿಕ್ಕಿತು.

ಬಸ್ಸಿನಲ್ಲಿ ವಾಪಸ್ ಬರುವಾಗ ಒಂದು ವಿಷಯ ನೆನಪಾಯಿತು. ಸ್ಕೀಹೀನ್ ಎಂಬ ಹೆಸರಿನ ಜಾಗ ಇನ್ನೊಂದಿತ್ತು, ನಾಲ್ಕನೆಯ ಹಾಳೆಯಲ್ಲಿ, ನಾವು ಜೂನ್‌ನಲ್ಲೇ ಕಳಿಸಿಬಿಟ್ಟ ಮೊದಲ ಕಂತಿನಲ್ಲಿ. ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಆ ಹಾಳೆ ತೆರೆದೆ. ಹೆಸರು ಇತ್ತು. ಅದರ ಕೆಳಗೆ ರಸ್ತೆ ಅಳತೆಪಟ್ಟಿ ಇಟ್ಟು ಎಳೆದಂತೆ ನೇರವಾಗಿತ್ತು. ಒಂದು ಸ್ಕೀಹೀನ್‌ನಲ್ಲಿ ಮೂರು ತಂಡ ಕೂಲಿಗಳು ಮಾಡಲೊಪ್ಪದ ಕೆಲಸವನ್ನು ನಾವು ಇನ್ನೊಂದರಲ್ಲಿ ಎರಡು ಕ್ಲಿಕ್ಕಿನಲ್ಲಿ ಮಾಡಿದ್ದೆವು. ಯಾರು ಯಾವ ಗೆರೆ ತಿದ್ದಿದರು ಎಂದು ಕಂಪ್ಯೂಟರ್ ದಾಖಲೆ ಇಡುತ್ತದೆ. ಅದನ್ನು ತೆಗೆದು ಎಣಿಸಿದೆ. ಎರಡು ಕಂತುಗಳಲ್ಲಿ ಒಂಬತ್ತನೆಯ ನಿಯಮದಿಂದ ನೇರವಾದ ತಿರುವುಗಳು 61.

ಮುಖ್ಯಸ್ಥರು 10:25ಕ್ಕೆ ಬಂದರು. ಮಾದಾಪುರದಲ್ಲಿ ವಾರಕ್ಕೊಂದು ಹೊಸ ರಸ್ತೆ ಹುಟ್ಟುತ್ತಿದ್ದ ಕಾಲ; ಅವರು ವಾರಕ್ಕೊಮ್ಮೆ ದಾರಿ ತಪ್ಪಿಯೇ ಬರುತ್ತಿದ್ದರು. ನಾನು ಎಲ್ಲವನ್ನೂ ಹೇಳಿ, ಇದನ್ನು ನಾವೇ ಐರ್ಲೆಂಡಿನವರಿಗೆ ಬರೆದು ತಿಳಿಸಬೇಕು ಎಂದೆ.

"ನಕ್ಕೋ ಅಮ್ಮಾ, ನಕ್ಕೋ! ಅವರು ಏನಾದರೂ ಕೇಳಿದರಾ? ಇಲ್ಲ. ಮತ್ತೆ ಕೈಕು ಎದ್ದು ನಿಂತು ಕೈ ಎತ್ತುತ್ತೀ?"

"ಕಥೆ ಜೋಡಿಸಿದ ದಿನ ಅವರಿಗೇ ಕಾಣುತ್ತದೆ ಸರ್. ಎರಡು ಕಂತೂ ಒಟ್ಟಿಗೆ ವಾಪಸ್ ಬರುತ್ತವೆ. ಈಗ ನಾವೇ ಹೇಳಿದರೆ ಅದು ವಾಪಸ್ ಅಲ್ಲ, ನಮ್ಮ ತಿದ್ದುಪಡಿ."

"ಯಾರ ತಪ್ಪು ಎಂದು ಬರೆಯುತ್ತೀ?"

"ನಿಯಮ ಗೋಡೆಗೆ ಅಂಟಿಸಿದವಳು ನಾನು. 61 ನನ್ನ ಹೆಸರಿನ ಮುಂದೆ."

ಅವರು ನನ್ನ ನೋಟ್‌ಬುಕ್ ತೆಗೆದುಕೊಂಡು ಮಿತಿಯ ಅಂಕಣ ನೋಡಿದರು, 61 ನೋಡಿದರು, ನನ್ನನ್ನು ನೋಡಿದರು. "ಈ ಲೆಕ್ಕದಲ್ಲಿ ನಿನ್ನನ್ನು ಆರು ಸಲ ಮನೆಗೆ ಕಳಿಸಬೇಕು," ಎಂದರು. ಆಮೇಲೆ ಒಂದು ಗ್ಲಾಸು ನೀರು ಕುಡಿದು, "ಬರಿ. ಕಳಿಸುವ ಮೊದಲು ನನಗೆ ತೋರಿಸು," ಎಂದರು. ಇಡೀ ಕೆಲಸ ತಿರುಗಿದ್ದು ಆ ನಿಮಿಷದಲ್ಲಿ: ಜುಲೈ 12, ಬೆಳಿಗ್ಗೆ 10:50.

ಅಷ್ಟರಲ್ಲಿ ಅಕ್ಕ ಪಕ್ಕದಿಂದ ಬಂದರು. ಹೆಂಟೆ ತುಳಿದವರ ಕಥೆಯನ್ನು ನಾನು ಆಗಲೇ ಅವರಿಗೆ ಹೇಳಿದ್ದೆ. "ಸರ್, ನಾಳೆಯಿಂದ ಅಂಗಿ ತಿರುವಿ ಹಾಕಿಕೊಂಡು ಬನ್ನಿ. ಹತ್ತಕ್ಕೇ ಮುಟ್ಟುತ್ತೀರಿ," ಎಂದು ಹಿಂದಿಯಲ್ಲಿ ಹೇಳಿದರು. ಮುಖ್ಯಸ್ಥರಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಲು ಕಥೆ ಹೇಳಬೇಕಾಯಿತು, ಕಥೆ ಕೇಳಲು ಉಳಿದವರೆಲ್ಲ ಎದ್ದು ಬಂದರು. ಅಂದು ಊಟದವರೆಗೆ ಯಾರೂ ಒಂದು ಗೆರೆಯನ್ನೂ ಬರೆಯಲಿಲ್ಲ.

ಉತ್ತರ ಬುಧವಾರ ಇ-ಮೇಲಿನಲ್ಲಿ ಬಂತು, ಶಿಕ್ಷಕಿಯವರೇ ಬರೆದದ್ದು. ಕಂತುಗಳನ್ನು ನೋಡಿದಾಗಲೇ ದಾರಿಗಳು ನೇರವಾಗಿರುವುದು ಅವರಿಗೆ ಕಂಡಿತ್ತಂತೆ. ಕಂಪ್ಯೂಟರಿಗೆ ತನಗಿಂತ ಹೆಚ್ಚು ಗೊತ್ತಿರಬಹುದು ಎಂದು ಸುಮ್ಮನಿದ್ದರಂತೆ. ತಿದ್ದಿ ಕಳಿಸಲು ಜುಲೈ ಕೊನೆಯವರೆಗೆ ಸಮಯ ಕೊಟ್ಟಿದ್ದರು.

ತಂಡದ ಮಟ್ಟಿಗೆ ಕಂಟಕ ಕಳೆಯಿತು. ಅಕ್ಕನ ಮಟ್ಟಿಗೆ ಇಲ್ಲ.

"ಮೂವತ್ತಮೂರು ಸರಿ ಎಂದು ಒಪ್ಪಿದೆ," ಎಂದರು ಮುಖ್ಯಸ್ಥರು. "ಕಾರ್ಡು ಇಲ್ಲದವು ಹನ್ನೊಂದು. ಮಿತಿ ಹತ್ತು. ನಾನೇನು ಮಾಡಲಿ? ಮೇಲೆ ಕೇಳುವವರಿಗೆ ಬರೀ ಅಂಕಿ ಬೇಕು."

ಹನ್ನೊಂದನ್ನೂ ಮತ್ತೆ ನೋಡಬೇಕಾಯಿತು. ಜುಲೈ 15ರಂದು ಆ ಹಾಳೆಗಳನ್ನು ದೊಡ್ಡದಾಗಿ ಮುದ್ರಿಸಿ ನೆಲದ ಮೇಲೆ ಹಾಸಿ, ನಾನು ಮತ್ತು ಅಕ್ಕ ಚಪ್ಪಲಿ ಬಿಟ್ಟು ಅದರ ಮೇಲೇ ಕೂತೆವು. ಮೂಲ ಹಾಳೆಗಳು ಹಿಂದೆ ಬಟ್ಟೆ ಅಂಟಿಸಿದವು, ಯಾರೋ ಎಷ್ಟೋ ವರ್ಷ ಮಡಚಿ ಜೇಬಿನಲ್ಲಿ ಓಡಾಡಿಸಿದವು. ಮಡಿಕೆ ಬಿದ್ದಲ್ಲಿ ಕಾಗದ ಒಂದು ಕೂದಲಿನಷ್ಟು ಜರುಗಿರುತ್ತದೆ. ಬೆರಳಿಟ್ಟು ನೋಡುತ್ತ ಹೋದ ಹಾಗೆ ಒಂದು ವಿಷಯ ಹೊಳೆಯಿತು. ಮಡಿಕೆಯಿಂದಾದ ತಿರುವಾದರೆ ರಸ್ತೆಯೊಂದೇ ಅಲ್ಲ, ಆಚೀಚಿನ ಹೊಲದ ಗೋಡೆಗಳೂ ಅದೇ ಸಾಲಿನಲ್ಲಿ ಅಷ್ಟೇ ಜರುಗಿರಬೇಕು. ನಿಜವಾದ ತಿರುವಾದರೆ ಗೋಡೆಗಳು ಸುಮ್ಮನಿದ್ದು ರಸ್ತೆ ಮಾತ್ರ ಸರಿದಿರಬೇಕು. ಕಾರ್ಡು ಸಿಕ್ಕಿದ ಮೂವತ್ತಮೂರರ ಮೇಲೆ ಮೊದಲು ಪರೀಕ್ಷಿಸಿದೆವು. ಎಲ್ಲದರಲ್ಲೂ ರಸ್ತೆ ಮಾತ್ರ ಸರಿದಿತ್ತು.

ಆಮೇಲೆ ಹನ್ನೊಂದು. ಮೊದಲನೆಯದು ಮಡಿಕೆ. ಎರಡನೆಯದು ಮಡಿಕೆ. ಮೂರು, ನಾಲ್ಕು, ಐದು, ಮಡಿಕೆ. ಹತ್ತನೆಯದಕ್ಕೆ ಬರುವ ಹೊತ್ತಿಗೆ ಅಕ್ಕ ನಗಲು ಶುರು ಮಾಡಿದ್ದರು.

"ಕಾಗದದ ಮಡಿಕಿಗೂ ನಾ ಕೈ ಮುಗದು ದಾರಿ ಬಿಟ್ಟೀನಲ್ರಿ! ನಮ್ಮಪ್ಪಗ ಹೇಳಿದ್ರ ವರ್ಷಗಟ್ಲೆ ಆಡಿಕೊಂತಾನ."

"ನಗಬ್ಯಾಡ್ರಿ ಅಕ್ಕಾರ. ಹತ್ತು ಖರೇನ ತಪ್ಪು ಅದಾವ. ಇನ್ನೊಂದು ತಪ್ಪಾದ್ರ ಹನ್ನೊಂದು."

"ಗೊತ್ತೈತ್ರಿ. ಅದಕ್ಕ ನಗಾಕತ್ತೀನಿ."

ಉಳಿದ ಒಂದು ಹದಿನೇಳನೆಯ ಹಾಳೆಯಲ್ಲಿತ್ತು. ಸುತ್ತ ಬರೀ ಜೌಗು ಬಯಲು. ಹೊಲವಿಲ್ಲ, ಗೋಡೆಯಿಲ್ಲ, ಹೋಲಿಸಿ ನೋಡಲು ಇನ್ನೊಂದು ಗೆರೆಯೇ ಇಲ್ಲ. ಮಡಿಕೆಯೊಂದು ಅದರ ಪಕ್ಕಕ್ಕೇ ಹಾದುಹೋಗಿತ್ತು. ತಗಲಿತ್ತೋ ಇಲ್ಲವೋ ಎಂದು ಹೇಳುವ ಹಾಗಿರಲಿಲ್ಲ. ಕಾರ್ಡು ಇಲ್ಲ. ಹೆಸರೂ ಇಲ್ಲ. ಕೆಲಸ ಕಾಯಂ ಆಗುವುದು, ಮಗಳ ಶಾಲೆ, ಎಲ್ಲವೂ ಕಾಗದದ ಮೇಲೆ ಒಂದು ಮಿಲಿಮೀಟರ್ ಉದ್ದದ ಆ ಸೊಟ್ಟಕ್ಕೆ ಬಂದು ನಿಂತವು. ಅದನ್ನು ಸರಿ ಎಂದು ಗೀಟು ಅಳಿಸಲು ನನ್ನ ಕೈ ತುರಿಸಿದ್ದು ನಿಜ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆದೇ 61 ತಪ್ಪು ಮಾಡಿಯಾಗಿತ್ತು.

"ಅಲ್ಲೇ ಇರೋರನ್ನ ಕೇಳ್ರಲಾ," ಎಂದರು ಅಕ್ಕ.

ಜುಲೈ 16, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ. ಅವರಿಗೆ ಬೆಳಿಗ್ಗೆ ಹತ್ತೂವರೆ. ಮುಖ್ಯಸ್ಥರ ಕೋಣೆಯಲ್ಲಿ ಫೋನಿನ ಸ್ಪೀಕರ್ ಹಾಕಿ ಮೂವರೂ ಸುತ್ತ ಕೂತೆವು. ಶಿಕ್ಷಕಿಯ ಇಂಗ್ಲಿಷ್ ಹಾಡಿನ ಹಾಗೆ ಏರಿಳಿಯುತ್ತಿತ್ತು. ಮೊದಲ ಎರಡು ನಿಮಿಷ ಮುಖ್ಯಸ್ಥರು ಎಲ್ಲದಕ್ಕೂ ಯೆಸ್ ಎಂದರು. ನಾನು ಹದಿನೇಳನೆಯ ಹಾಳೆಯ ಜಾಗ ವಿವರಿಸಿದೆ. ಅವರು, ಆ ಬಯಲಿನ ಕಡೆ ಹೋಗಿ ಎಷ್ಟೋ ವರ್ಷವಾಯಿತು, ನೆನಪಿಲ್ಲ ಎಂದರು. ಆಮೇಲೆ, ತಿರುವುಗಳನ್ನು ಉಳಿಸಿದವರು ಯಾರು ಎಂದು ಕೇಳಿದರು.

ನಾನು ಅಕ್ಕನ ಕಡೆ ಕೈ ತೋರಿಸಿದೆ. ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಫೋನಿಗೆ ಬಗ್ಗಿದರು. ಇಂಗ್ಲಿಷ್ ಓದಲು ಬರುತ್ತಿತ್ತು, ಆಡಲು ಸಂಕೋಚ. "ಆ ಮುಳ್ಳಿನ ಗಿಡ ಇನ್ನೂ ಐತೇನು ಕೇಳ್ರಿ," ಎಂದರು ನನಗೆ. ಕೇಳಿದೆ.

ಇದೆ, ಈ ವರ್ಷವೂ ಮೇ ತಿಂಗಳಲ್ಲಿ ಬೆಳ್ಳಗೆ ಹೂ ಬಿಟ್ಟಿತ್ತು ಎಂದು ಉತ್ತರ ಬಂತು.

"ಹಂಗಾರ ಚಲೋ ಆತು," ಎಂದರು ಅಕ್ಕ. ಅದನ್ನು ಅನುವಾದಿಸುವ ಮೊದಲೇ ಆ ಕಡೆಯಿಂದ ನಗು ಕೇಳಿಸಿತು. ಭಾನುವಾರ ಮಳೆ ಇಲ್ಲದಿದ್ದರೆ ಸೈಕಲ್ ಮೇಲೆ ಹೋಗಿ ಆ ಜಾಗ ನೋಡಿ ಬರುತ್ತೇನೆ ಎಂದು ಶಿಕ್ಷಕಿ ಹೇಳಿದರು. ಅವರಿಗೆ ಎಪ್ಪತ್ತೆರಡು ವರ್ಷ ಎಂದು ಆಮೇಲೆ ತಿಳಿಯಿತು.

ಶನಿವಾರ, ಭಾನುವಾರ ನನ್ನ ಡೈರಿಯಲ್ಲಿ ಒಂದೇ ಸಾಲಿದೆ: "ಅಲ್ಲಿ ಮಳೆ ಬರದಿರಲಿ."

ಸೋಮವಾರ ಮಧ್ಯಾಹ್ನ 2:10ಕ್ಕೆ ಅವರ ಪತ್ರ ಬಂತು. ಮಳೆ ಬಂದಿತ್ತು, ಆದರೂ ಹೋಗಿದ್ದರು. ರಸ್ತೆ ಅಲ್ಲಿ ಎಡಕ್ಕೆ ಒಂಬತ್ತು ಹೆಜ್ಜೆ ಸರಿದು, ಇಪ್ಪತ್ತು ಹೆಜ್ಜೆ ಮುಂದೆ ಹೋಗಿ, ಮತ್ತೆ ತನ್ನ ಸಾಲಿಗೆ ಬರುತ್ತದೆ. ಸರಿದು ಬಿಟ್ಟ ಜಾಗದಲ್ಲಿ ಗಿಡವಿಲ್ಲ, ಕಲ್ಲಿಲ್ಲ, ಬಾವಿಯಿಲ್ಲ, ಹುಲ್ಲು ಮಾತ್ರ. ಹತ್ತಿರದ ಮೂರು ಮನೆಗಳಲ್ಲಿ ಹಿರಿಯರನ್ನು ವಿಚಾರಿಸಿದರಂತೆ. ಎಲ್ಲರೂ ಹೇಳಿದ್ದು ಒಂದೇ: ಆ ದಾರಿ ಯಾವಾಗಲೂ ಹಾಗೇ ಇತ್ತು. ಅವರಲ್ಲೊಬ್ಬರ ತಂದೆ ಆ ಜಾಗ ದಾಟುವಾಗ ನಾವು ಕೈ ಮುಗಿಯುವ ಹಾಗೆ ಟೋಪಿ ಎತ್ತುತ್ತಿದ್ದರಂತೆ. ಯಾಕೆ ಎಂದು ಮಗ ಕೇಳಿರಲಿಲ್ಲ.

ನಾನು ಪತ್ರ ಮುದ್ರಿಸಿ ಮುಖ್ಯಸ್ಥರ ಮುಂದಿಟ್ಟೆ. ಅವರು ಎರಡು ಸಲ ಓದಿದರು.

"ಅಂದರೆ ಕಾರಣ ಸಿಗಲಿಲ್ಲ."

"ಕಾರಣ ಸಿಗಲಿಲ್ಲ ಸರ್. ತಿರುವು ಸಿಕ್ಕಿತು. ನಮ್ಮ ಕೆಲಸ ತಿರುವು ಬರೆಯುವುದು."

ಅವರು ನನ್ನ ನೋಟ್‌ಬುಕ್ ಎಳೆದುಕೊಂಡು, ಅಕ್ಕನ ಹೆಸರಿನ ಮುಂದಿದ್ದ ಹನ್ನೊಂದನೆಯ ಗೀಟನ್ನು ತಾವೇ ಹೊಡೆದು ಹಾಕಿ, ಪಕ್ಕದಲ್ಲಿ ಸಹಿ ಮಾಡಿದರು. "ಹತ್ತು. ಹತ್ತಕ್ಕಿಂತ ಹೆಚ್ಚಾ? ಅಲ್ಲ. ಹೋಗಿ ಹೇಳು."

ಹೇಳಲು ಹೋದಾಗ ಅಕ್ಕ ಮೊದಲ ಕಂತಿನ ನಾಲ್ಕನೆಯ ಹಾಳೆ ತೆರೆದುಕೊಂಡು ಸ್ಕೀಹೀನ್ ಬಳಿ ರಸ್ತೆಯನ್ನು ಮತ್ತೆ ಬಾಗಿಸುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ ಮೌಸ್ ಬಿಡಲಿಲ್ಲ. ತಿರುವು ಮುಗಿಸಿ, ಉಳಿಸಿ, ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಬೆರಳ ಸಂದಿಯಿಂದ, "ಮಡಿಕಿ ಹತ್ತಾದ್ವಲ್ಲ ತಂಗಿ, ಇನ್ನೊಂದು ಮಡಿಕಿ ಇದ್ದಿದ್ರ ಏನ್ ಗತಿ?" ಎಂದರು. ಮೊದಲ ಸಲ ನನ್ನನ್ನು ತಂಗಿ ಎಂದಿದ್ದರು. ನಾನು ದಿನಾಂಕ ಬರೆದುಕೊಂಡೆ.

ಆಮೇಲಿನ ಎಂಟು ದಿನ ಬರೀ ಕೆಲಸ. ಮೊದಲು ಕಾರ್ಡು ಓದುವುದು, ಆಮೇಲೆ ಗೆರೆ ಎಳೆಯುವುದು ಎಂದು ಕ್ರಮ ಬದಲಾಯಿಸಿದೆವು. ಅಬಿಡ್ಸ್‌ನ ಹಿರಿಯರನ್ನು ನಮ್ಮ ಮಹಡಿಗೇ ಕರೆಸಿ ನಡುವೆ ಕೂರಿಸಿದೆವು. ಅವರ ಧ್ವನಿಗೆ ಕೊನೆಗೂ ಹದಿನಾಲ್ಕು ಜನ ಕೇಳುಗರು ಸಿಕ್ಕರು. ನನ್ನ 61ರಲ್ಲಿ ಮಡಿಕೆಗಳು 15, ನಿಜವಾದ ತಿರುವುಗಳು 46. ನಲವತ್ತಾರನ್ನೂ ವಾಪಸ್ ಇಟ್ಟೆವು. ಜುಲೈ 28ಕ್ಕೆ ಎಲ್ಲ ಕಳಿಸಿದೆವು. 30ರಂದು ಅಕ್ಕನಿಗೆ ಕಾಯಂ ಪತ್ರ ಬಂತು. 31ರ ಬೆಳಿಗ್ಗೆ, ಊರಿನಿಂದ ಕರೆಸಿಕೊಂಡಿದ್ದ ಮಗಳಿಗೆ ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿ, ಶಾಲೆಗೆ ಹೆಸರು ಹಚ್ಚಿಸಿ ಬಂದರು. ಒಂಬತ್ತನೆಯ ನಿಯಮವನ್ನು ನಾನು ಗೋಡೆಯಿಂದ ಕಿತ್ತೆ. ಅದರ ಜೊತೆಗೆ ಬಣ್ಣವೂ ಕಿತ್ತು ಬಂತು.

ಹದಿನೇಳನೆಯ ಹಾಳೆಯ ಆ ತಿರುವಿಗೆ ಶಿಕ್ಷಕಿ ಹೊಸ ಕಾರ್ಡು ಮಾಡಲು ಹೇಳಿದರು: ಸಂಖ್ಯೆ 213. ಹೆಸರಿನ ಜಾಗ ಖಾಲಿ ಬಿಟ್ಟರೆ ನಮ್ಮ ತಂತ್ರಾಂಶ ಒಪ್ಪುವುದಿಲ್ಲ. ಆದ್ದರಿಂದ ಅಲ್ಲಿ 'ಇನ್ನೂ ತಿಳಿದಿಲ್ಲ' ಎಂದು ಬರೆದಿದ್ದೇವೆ. ಕಥೆಯ ಅಂಕಣದಲ್ಲಿ ಒಂದೇ ವಾಕ್ಯವಿದೆ: ಇಲ್ಲಿ ಒಬ್ಬರು ಟೋಪಿ ಎತ್ತುತ್ತಿದ್ದರು.

ಐರ್ಲೆಂಡಿನ ಪಶ್ಚಿಮದ ಕಡೆ ಆಸ್ಪತ್ರೆಗಳಿಗೆ, ಕಂಪನಿಗಳಿಗೆ ಕೆಲಸಕ್ಕೆ ಹೋದ ನಮ್ಮವರು ಈಗ ಇದ್ದಾರೆ. ಇದನ್ನು ಓದುವವರಲ್ಲಿ ಯಾರಾದರೂ ಅಲ್ಲಿದ್ದರೆ, ಅಥವಾ ಅಲ್ಲಿರುವವರು ನಿಮಗೆ ಪರಿಚಯವಿದ್ದರೆ, ಜೌಗು ಬಯಲಿನ ನಡುವೆ ದಾರಿ ಎಡಕ್ಕೆ ಒಂಬತ್ತು ಹೆಜ್ಜೆ ಸರಿಯುವ ಕಡೆ ಜನ ಯಾಕೆ ಟೋಪಿ ಎತ್ತುತ್ತಾರೆ ಎಂದು ಅಲ್ಲಿನ ಹಿರಿಯರನ್ನು ಕೇಳಿ, ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಕಥೆ ಪೂರ್ತಿ ಇರಬೇಕೆಂದಿಲ್ಲ. ಯಾರು ಹೇಳಿದರು, ಯಾವ ದಿನ ಹೇಳಿದರು ಎಂದು ಮಾತ್ರ ದಯವಿಟ್ಟು ಜೊತೆಗೆ ಬರೆಯಿರಿ.